ಮುಚ್ಚಿಟ್ಟ ತಟ್ಟೆ ಮತ್ತು ಮನೆಯೊಳಗಿನ ಅಣುವ್ರತ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಒಲೆ ಆರಿಸಿ, ದೀಪದ ಮುಂದೆ ಕುಳಿತು ಪಂಚನಮಸ್ಕಾರ ಮಂತ್ರ ಜಪಿಸುವುದು ಜೈನ ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. ಕತ್ತಲಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳಿಗೆ ನೋವಾಗದಿರಲಿ ಎಂಬ ಕರುಣೆಯೇ ಈ ರಾತ್ರಿಭೋಜನ ತ್ಯಾಗದ ಮೂಲ. ಆದರೆ ಅದೇ ಮನೆಯಲ್ಲಿ, ಅದೇ ಕ್ರಮದ ಹೆಸರಿನಲ್ಲಿ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಒಂದು ಜೀವ ಹಸಿದು ಮಲಗಿದರೆ ಅದನ್ನು ಏನೆಂದು ಕರೆಯಬೇಕು?

ಶಿವಮೊಗ್ಗ ನಗರದ ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನ ನಲವತ್ತೈದರ ಆಸುಪಾಸಿನ ಶ್ರದ್ಧಾವಂತ ಗೃಹಸ್ಥ. ಪತ್ನಿ ತೀರಿಕೊಂಡ ಬಳಿಕ ಎಂಟು ವರ್ಷದ ಮಗಳೊಡನೆ ಒಂಟಿಯಾಗಿದ್ದವನು. ಭದ್ರಾವತಿಯ ಪೇಪರ್ ಟೌನಿನಲ್ಲಿ ಬಾಳಿ, ಗಂಡನನ್ನು ಕಳೆದುಕೊಂಡಿದ್ದ ಹೆಣ್ಣುಮಗಳೊಬ್ಬಳನ್ನು ಹಿರಿಯರ ಒಪ್ಪಿಗೆಯಿಂದ ಮರುಮದುವೆಯಾಗಿದ್ದಾನೆ. ಅವಳೊಡನೆ ಹದಿನೈದು ವರ್ಷದ ಮಗನೂ ಬಂದಿದ್ದಾನೆ. ಹತ್ತನೆಯ ತರಗತಿಯ ನಡುವೆ ಶಾಲೆ ಬದಲಿಸುವುದು ಬೇಡವೆಂದು ಹುಡುಗ ಪ್ರತಿದಿನ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ಶಾಲೆಯ ನಂತರ ಪಾಠ, ಪಾಠದ ನಂತರ ಅಲ್ಲಿಯೇ ಇರುವ ಅಜ್ಜಿಯ ಮನೆ. ಶಿವಮೊಗ್ಗ ತಲುಪುವಾಗ ರಾತ್ರಿ ಎಂಟು ದಾಟಿರುತ್ತದೆ.

ಮೊದಲ ವಾರ ತಾಯಿ ಅನ್ನವನ್ನು ಬಿಸಿ ಮಾಡಿ ಬಡಿಸಿದಳು. ಎರಡನೆಯ ವಾರ ಯಜಮಾನ ಹೇಳಿದ: “ಈ ಮನೆಯಲ್ಲಿ ಕತ್ತಲಾದ ಮೇಲೆ ಯಾರೂ ಉಂಡಿಲ್ಲ. ಅವನು ಹೊತ್ತಿಗೆ ಮುಂಚೆ ಬರಲಿ.” ಹುಡುಗ ತಟ್ಟೆಯನ್ನು ತಳ್ಳಿ ಎದ್ದ. “ಇದು ನಿಮ್ಮ ಮನೆ. ನೀವು ನನ್ನ ಅಪ್ಪ ಅಲ್ಲ.” ಮರುದಿನ ಅವನು ಬಂದದ್ದು ಇನ್ನೂ ತಡವಾಗಿ. ಅದರ ಮರುದಿನ ತಾಯಿ ಕರೆದರೂ ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ. ಮೂರು ರಾತ್ರಿ ಹುಡುಗ ಹಸಿದು ಮಲಗಿದ. ತಾಯಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಎಂಟು ವರ್ಷದ ಹೆಣ್ಣುಮಗು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿತು. ಯಜಮಾನ ಸಾಮಾಯಿಕಕ್ಕೆ ಕುಳಿತ. ನಲವತ್ತೆಂಟು ನಿಮಿಷ ಕಳೆದರೂ ಮನಸ್ಸು ಕುಳಿತಲ್ಲಿ ಕುಳಿತುಕೊಳ್ಳಲಿಲ್ಲ.

ಇದು ಒಬ್ಬರ ಮನೆಯ ಕಥೆಯಲ್ಲ. ಸಾವಿನಿಂದಲೋ ವಿಚ್ಛೇದನದಿಂದಲೋ ಮುರಿದ ಎರಡು ಸಂಸಾರಗಳು ಸೇರಿ ಒಂದಾಗುವಾಗ, ಬೆಳೆದ ಮಕ್ಕಳಿರುವ ಯಾವ ಮನೆಯಲ್ಲಾದರೂ ಇಂತಹ ರಾತ್ರಿಗಳು ಬರುತ್ತವೆ. ಊಟದ ಹೊತ್ತು, ಮೊಬೈಲು, ಗೆಳೆಯರು, ಅಂಕಗಳು ಎಂದು ಕಾರಣಗಳು ಬೇರೆಬೇರೆಯಾಗಿ ಕಾಣುತ್ತವೆ. ಒಳಗಿನ ಪ್ರಶ್ನೆ ಮಾತ್ರ ಒಂದೇ: ಈ ಮಗುವಿನ ಮೇಲೆ ಹೊಸದಾಗಿ ಬಂದ ಹಿರಿಯನಿಗೆ ಯಾವ ಅಧಿಕಾರವಿದೆ?

ಐದು ಅತಿಚಾರಗಳು

ಜಿನಾಗಮವು ಗೃಹಸ್ಥನಿಗೆ ಹೇಳಿದ ಹನ್ನೆರಡು ವ್ರತಗಳಲ್ಲಿ ಮೊದಲನೆಯದು ಅಹಿಂಸಾಣುವ್ರತ. ವ್ರತವನ್ನು ಹೇಳಿ ಸುಮ್ಮನಾಗದೆ, ಅದು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದನ್ನೂ ಆಚಾರ್ಯರು ಪಟ್ಟಿ ಮಾಡಿದ್ದಾರೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಹೊರಲಾರದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಕೊಂದರೆ ಮಾತ್ರ ಹಿಂಸೆ ಎಂದುಕೊಂಡ ಗೃಹಸ್ಥನಿಗೆ ಈ ಪಟ್ಟಿ ಒಂದು ಕನ್ನಡಿ. ಇವೆಲ್ಲವೂ ನಡೆಯುವುದು ಹೊರಗಿನ ಶತ್ರುವಿನ ಮೇಲಲ್ಲ. ತನ್ನ ಆಶ್ರಯದಲ್ಲಿರುವ, ತನ್ನ ಕೈಯ ಅನ್ನವನ್ನು ಕಾಯುವ ಜೀವದ ಮೇಲೆ.

ಪಶುಗಳನ್ನೂ ಆಳುಗಳನ್ನೂ ಕುರಿತು ಹೇಳಿದ ಮಾತಿದು ಎಂದು ಕೆಲವರು ದಾಟಿಹೋಗುವುದುಂಟು. ಹದಿಹರೆಯದ ಮಗುವಿರುವ ಮನೆಯಲ್ಲಿ ಇದನ್ನು ಇಟ್ಟು ನೋಡಿದರೆ ಒಂದೊಂದು ಅತಿಚಾರವೂ ಗುರುತು ಹಿಡಿಸುತ್ತದೆ. ಅಜ್ಜಿಯ ಮನೆಗೆ ಹೋಗಬಾರದೆಂದು ತಡೆಯುವುದು ಬಂಧನ. ಕೆನ್ನೆಗೆ ಬೀಸಿದ ಕೈ ವಧ. ಅಂಗವನ್ನು ಕತ್ತರಿಸದಿದ್ದರೂ “ನಿನ್ನ ಅಪ್ಪ ಸಾಕಿದ ರೀತಿಯೇ ಇದು” ಎಂಬ ಒಂದು ಮಾತಿನಿಂದ ಬೇರನ್ನು ಕತ್ತರಿಸುವುದು ಛೇದಕ್ಕೆ ಸಮೀಪದ್ದು. ಮನೆಗೆ ಬಂದ ತಿಂಗಳಿನಲ್ಲಿಯೇ “ಅಪ್ಪಾ ಎಂದು ಕರೆ” ಎನ್ನುವುದು, ಸತ್ತ ತಂದೆಯ ದುಃಖ ಇನ್ನೂ ಹಸಿಯಾಗಿರುವಾಗ ನಗುತ್ತಿರಬೇಕೆಂದು ಬಯಸುವುದು ಅತಿಭಾರಾರೋಪಣ. ಹೊತ್ತು ಮೀರಿತೆಂದು ತಟ್ಟೆ ಎತ್ತಿಡುವುದಕ್ಕೆ ಬೇರೆ ವ್ಯಾಖ್ಯಾನವೇ ಬೇಕಾಗಿಲ್ಲ. ಅದು ಅನ್ನಪಾನ ನಿರೋಧ.

ಹಾಗಾದರೆ ರಾತ್ರಿಭೋಜನ ತ್ಯಾಗದ ಗತಿಯೇನು ಎಂಬ ಸಂದೇಹ ಶ್ರದ್ಧಾವಂತನಿಗೆ ಸಹಜ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು ಎಂಬ ಕೃತ, ಕಾರಿತ, ಅನುಮೋದನೆಗಳ ವಿಚಾರ ಅವನನ್ನು ಕಾಡುತ್ತದೆ. ಅದು ಹಗುರವಾದ ಸಂದೇಹವಲ್ಲ. ಆದರೆ ವ್ರತವೆಂಬುದು ಅರಿತು, ಒಪ್ಪಿ, ತಾನೇ ಸ್ವೀಕರಿಸುವ ನಿಯಮ. ಒಬ್ಬನ ವ್ರತವನ್ನು ಇನ್ನೊಬ್ಬನ ಹೊಟ್ಟೆಯ ಮೇಲೆ ಆಚರಿಸಲು ಬರುವುದಿಲ್ಲ. ಸೂರ್ಯನಿರುವಾಗಲೇ ಮಾಡಿದ ಅಡುಗೆಯನ್ನು ಒಂದು ತಟ್ಟೆಯಲ್ಲಿ ಮುಚ್ಚಿಟ್ಟರೆ ಹಿರಿಯನ ನಿಯಮಕ್ಕೆ ಭಂಗವಿಲ್ಲ, ಹುಡುಗನ ಹೊಟ್ಟೆಗೂ ಮೋಸವಿಲ್ಲ. ಇಷ್ಟರಿಂದಲೂ ಸಮಾಧಾನವಾಗದವರು ಮುನಿಗಳ ಬಳಿ ಕೇಳಿ ತಿಳಿಯಬಹುದು. ಆದರೆ ಆ ಉತ್ತರ ಬರುವವರೆಗೆ ಮಗು ಹಸಿದಿರಬೇಕಾಗಿಲ್ಲ.

ಹೊಂಬುಜ ಹೇಳುವ ಎರಡು ಕಥೆಗಳು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹೊಂಬುಜ ಕ್ಷೇತ್ರಕ್ಕೆ ಹೋಗದ ಜೈನ ಕುಟುಂಬ ಈ ಭಾಗದಲ್ಲಿ ವಿರಳ. ಪದ್ಮಾವತಿ ದೇವಿಯ ದರ್ಶನ ಮಾಡಿ, ಸದಾ ಹಸಿರೆಂದು ನಂಬಲಾದ ಲಕ್ಕಿ ಮರವನ್ನು ನೋಡಿ, ಮುತ್ತಿನಕೆರೆಯ ದಡದಲ್ಲಿ ಕುಳಿತು ಬರುವ ಭಕ್ತರಿಗೆ ಜಿನದತ್ತರಾಯನ ಕಥೆ ಗೊತ್ತು. ಆ ಕಥೆಯ ಬೀಜವೇ ಬೆರೆತ ಕುಟುಂಬವೊಂದರ ಕಲಹ ಎಂಬುದನ್ನು ಮಾತ್ರ ನೆನಪಿಸಿಕೊಳ್ಳುವವರು ಕಡಿಮೆ.

ಸ್ಥಳಪುರಾಣದ ಪ್ರಕಾರ ಉತ್ತರ ಮಧುರೆಯ ಅರಸ ಸಾಕಾರನ ಮಗ ಜಿನದತ್ತ. ಅರಸ ಎರಡನೆಯವಳನ್ನು ವರಿಸಿದ. ಅವಳಿಗೆ ಮಾರಿದತ್ತನೆಂಬ ಮಗ ಹುಟ್ಟಿದ. ತನ್ನ ಮಗನಿಗೇ ಪಟ್ಟವಾಗಬೇಕೆಂದು ಅವಳು ಬಯಸಿದಳು. ಜಿನದತ್ತನಿಗೆ ಒಡ್ಡಿದ ಬಲೆಯಲ್ಲಿ ಕೊನೆಗೆ ಸಿಲುಕಿ ಸತ್ತವನು ಮಾರಿದತ್ತ. ಜಿನದತ್ತ ಪದ್ಮಾವತಿಯ ಪ್ರತಿಮೆಯೊಡನೆ ಕುದುರೆಯೇರಿ ತೆಂಕಣಕ್ಕೆ ಬಂದು, ಇಂದಿನ ಹೊಂಬುಜದಲ್ಲಿ ನೆಲೆನಿಂತು, ಸಾಂತರ ವಂಶದ ಮೂಲಪುರುಷನೆನಿಸಿದ. ಹೇಳುವವರಿಂದ ಹೇಳುವವರಿಗೆ ಕಥೆಯ ವಿವರಗಳು ಬದಲಾಗುತ್ತವೆ. ಬದಲಾಗದೆ ಉಳಿಯುವುದು ಇಷ್ಟು: ‘ನನ್ನ ಮಗು, ಅವಳ ಮಗು’ ಎಂಬ ಭೇದದಿಂದ ಆ ಮನೆ ಎರಡೂ ಮಕ್ಕಳನ್ನು ಕಳೆದುಕೊಂಡಿತು.

ಈ ಕಥೆಯನ್ನು ಕೇಳುವವರ ಬೆರಳು ಬೇಗನೆ ಮಲತಾಯಿಯ ಕಡೆಗೆ ಹೋಗುತ್ತದೆ. ಕನ್ನಡದ ಅಜ್ಜಿಕಥೆಗಳೂ ಆ ಬೆರಳನ್ನು ಅಲ್ಲಿಗೇ ತಿರುಗಿಸಿವೆ. ಆದರೆ ಎರಡೂ ಮಕ್ಕಳಿಗೆ ತಂದೆಯಾಗಿದ್ದ ಅರಸನೊಬ್ಬನಿದ್ದನಲ್ಲ? ಮಾತನಾಡಬೇಕಾದ ಹೊತ್ತಿನಲ್ಲಿ ಅವನು ನ್ಯಾಯದ ಮಾತನ್ನು ಆಡಲಿಲ್ಲ. ಬೆರೆತ ಕುಟುಂಬದಲ್ಲಿ ಹೊಸದಾಗಿ ಬಂದವರ ತಪ್ಪು ಕಣ್ಣಿಗೆ ಬೀಳುತ್ತದೆ, ಹೆತ್ತವರ ಮೌನ ಕಣ್ಣಿಗೆ ಬೀಳುವುದಿಲ್ಲ. ಶಿವಮೊಗ್ಗದ ಆ ಮನೆಯಲ್ಲಿಯೂ ಗೋಡೆಯ ಕಡೆಗೆ ತಿರುಗಿ ಮಲಗಿದ ತಾಯಿಗೆ ಈ ಕಥೆಯಲ್ಲಿ ಒಂದು ಪಾಠವಿದೆ.

ಇದೇ ಹೊಂಬುಜದ ನೆಲದಲ್ಲಿ ಇನ್ನೊಂದು ಕಥೆಯಿದೆ. ಇದಕ್ಕೆ ಶಾಸನದ ಆಧಾರವಿದೆ. ಹೊಂಬುಜದ ಪಂಚಕೂಟ ಬಸದಿ ಸಾಮಾನ್ಯ ಶಕ 1077ರ ಕಾಲದ್ದು. ‘ಉರ್ವೀತಿಲಕ’ವೆಂದು ಕೀರ್ತಿತವಾದ ಈ ಬಸದಿಯನ್ನು ಕಟ್ಟಿಸಿದವಳು ಗಂಗ ಮನೆತನದ ಚಟ್ಟಲದೇವಿ. ಅವಳ ತಂಗಿ ಬೀರಲದೇವಿ ಸಾಂತರ ಅರಸ ವೀರಸಾಂತರನ ಪತ್ನಿ. ತಂಗಿ ಇಲ್ಲವಾದ ಮೇಲೆ ಅವಳ ನಾಲ್ವರು ಗಂಡುಮಕ್ಕಳಾದ ತೈಲ, ಗೊಗ್ಗಿಗ, ಒಡ್ಡಿಗ ಮತ್ತು ಬಮ್ಮರನ್ನು ಚಟ್ಟಲದೇವಿ ತನ್ನ ಮಕ್ಕಳೆಂದೇ ಕಂಡಳು. ಆ ಮಕ್ಕಳೊಡನೆ ಸೇರಿಯೇ ಬಸದಿಯನ್ನು ಕಟ್ಟಿಸಿದಳು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಬಸದಿ ಎದ್ದದ್ದು ಚಟ್ಟಲದೇವಿಯ ಹೆಸರು ಉಳಿಯಲೆಂದಲ್ಲ. ಅವಳ ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ಸೋದರ ರಾಜಾದಿತ್ಯ ಮತ್ತು ತಂಗಿ ಬೀರಲದೇವಿ, ಇವರ ಪುಣ್ಯಸ್ಮರಣೆಗಾಗಿ. ಮಕ್ಕಳನ್ನು ತನ್ನವರನ್ನಾಗಿ ಮಾಡಿಕೊಳ್ಳಲು ಆಕೆ ಅವರ ಹೆತ್ತ ತಾಯಿಯ ನೆನಪನ್ನು ಅಳಿಸಲಿಲ್ಲ. ಆ ನೆನಪಿಗೆ ಕಲ್ಲಿನ ಆಸರೆ ಕೊಟ್ಟಳು, ಅದಕ್ಕೆ ಮಕ್ಕಳ ಕೈಯನ್ನೂ ಸೇರಿಸಿಕೊಂಡಳು. ಸಾವಿರ ವರ್ಷಗಳ ಸಮೀಪಕ್ಕೆ ಬಂದ ಆ ಕಟ್ಟಡದ ಮುಂದೆ ನಿಂತವರಿಗೆ ಶಿಲ್ಪ ಕಾಣುತ್ತದೆ. ಅದರ ಹಿಂದೆ ನಿಂತ ಈ ಸಾಕುತಾಯಿಯ ಮನಸ್ಸೂ ಕಾಣಬೇಕು.

ಕಾವಲಿಗೆ ನಿಂತ ಹುಡುಗ

ಅನೇಕಾಂತವು ಪಂಡಿತರ ವಾದಸಭೆಗೆ ಮೀಸಲಾದ ತತ್ತ್ವವಲ್ಲ. ವಸ್ತುವಿಗೆ ಅನೇಕ ಮುಖಗಳಿವೆ, ತಾನು ಕಂಡದ್ದು ಒಂದು ಮುಖ ಮಾತ್ರ ಎಂದು ಒಪ್ಪುವ ವಿನಯವೇ ಅದು. ಯಜಮಾನನ ಕಣ್ಣಿಗೆ ಆ ಹುಡುಗ ಉದ್ಧಟ. ತಾಯಿಯ ಕಣ್ಣಿಗೆ ಗಂಡನ ಗುರುತಾಗಿ ಉಳಿದ ಒಂದೇ ಜೀವ. ಎಂಟು ವರ್ಷದ ಮಗುವಿಗೆ ಆಗಲೇ ಅವನು ಅಣ್ಣ. ಹುಡುಗ ತನ್ನ ಕಣ್ಣಿಗೆ ಏನು? ಬಹುಶಃ ಒಬ್ಬ ಕಾವಲುಗಾರ. ತಂದೆ ಕುಳಿತಿದ್ದ ಜಾಗ ಖಾಲಿಯಾಗಿದೆ. ಇನ್ನೊಬ್ಬ ಬಂದು ಕುಳಿತರೆ ತಂದೆ ಎರಡನೆಯ ಸಲ ಸತ್ತಂತೆ ಎಂದು ಅವನಿಗೆ ತೋರುತ್ತದೆ. ಪೇಪರ್ ಟೌನಿನ ಹಳೆಯ ಬೀದಿಯನ್ನೂ ಅಜ್ಜಿಯ ಮನೆಯನ್ನೂ ಅವನು ಬಿಟ್ಟುಬರಲಾರದಿರುವುದು ಇದಕ್ಕಾಗಿಯೇ. “ನೀವು ನನ್ನ ಅಪ್ಪ ಅಲ್ಲ” ಎಂಬ ಮಾತಿನಲ್ಲಿ ದ್ವೇಷಕ್ಕಿಂತ ನಿಷ್ಠೆ ಹೆಚ್ಚು.

ಆ ಮಾತು ಸತ್ಯವೂ ಹೌದು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯು ಸ್ವಾಭಾವಿಕ ಪಾಲಕರನ್ನು ಹೇಳುವಾಗ ‘ತಂದೆ’, ‘ತಾಯಿ’ ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಹುಡುಗನ ಸ್ವಾಭಾವಿಕ ಪಾಲಕಿ ಅವನ ತಾಯಿ. ಕಾಯ್ದೆಯ ಈ ಮಾತು ಸಂಬಂಧವನ್ನು ಒಡೆಯಲು ಬಂದದ್ದಲ್ಲ. ಅಧಿಕಾರದಿಂದ ತಂದೆಯಾಗಲು ಬಾರದು ಎಂಬುದನ್ನು ಧರ್ಮವೂ ಕಾನೂನೂ ತಮ್ಮ ತಮ್ಮ ಮಾತಿನಲ್ಲಿ ಹೇಳುತ್ತಿವೆ, ಅಷ್ಟೆ.

ಅಪರಿಗ್ರಹವನ್ನು ಚಿನ್ನ, ಭೂಮಿ, ಹಣಗಳ ಮಿತಿಯೆಂದಷ್ಟೇ ತಿಳಿಯುವುದು ವಾಡಿಕೆ. ಆದರೆ ವಸ್ತುವಿಗಿಂತ ವಸ್ತುವಿನ ಮೇಲಿನ ಮೂರ್ಛೆ, ಅಂದರೆ ‘ನನ್ನದು’ ಎಂಬ ಮಮಕಾರವೇ ಪರಿಗ್ರಹವೆಂದು ಆಚಾರ್ಯರು ತಿಳಿಸಿದ್ದಾರೆ. ಮಗುವಿನ ಪ್ರೀತಿಯನ್ನು ಹಕ್ಕಿನಿಂದ ಕೇಳುವುದೂ ಇಂತಹ ಮೂರ್ಛೆಯೇ. ಮನೆಗೆ ಅನ್ನ ತಂದುಹಾಕುತ್ತೇನೆ, ಶುಲ್ಕ ಕಟ್ಟುತ್ತೇನೆ, ಆದ್ದರಿಂದ ಗೌರವ ಸಲ್ಲಬೇಕು ಎಂಬ ಲೆಕ್ಕ ವ್ಯಾಪಾರಕ್ಕೆ ಸರಿಹೋಗಬಹುದು. ದಾನಕ್ಕೆ ಸರಿಹೋಗುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳನ್ನು ಶ್ರಾವಕ ಬಸದಿಯ ಅಂಗಳದಲ್ಲಿ ನೆನೆಯುತ್ತಾನೆ. ಹೊಸ ಮನೆಗೆ ಬಂದ ಹುಡುಗನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಭಯ: ‘ನಿನ್ನ ತಂದೆಯ ಜಾಗವನ್ನು ಇಲ್ಲಿ ಯಾರೂ ಕಸಿಯುವುದಿಲ್ಲ’ ಎಂಬ ಭರವಸೆ.

ಒಂದು ವರ್ಷದ ಗುರುದಕ್ಷಿಣೆ

ಬೆಳೆದ ಹುಡುಗನ ಕೋಪವನ್ನು ಹೇಗೆ ಎದುರಿಸಬೇಕೆಂಬುದಕ್ಕೆ ಜೀವಂಧರನ ಕಥೆಯಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಸಂಸ್ಕೃತದಲ್ಲಿ ವಾದೀಭಸಿಂಹಸೂರಿಯ ಕ್ಷತ್ರಚೂಡಾಮಣಿ, ಕನ್ನಡದಲ್ಲಿ ಭಾಸ್ಕರಕವಿ 1424ರಲ್ಲಿ ರಚಿಸಿದ ಜೀವಂಧರ ಚರಿತೆ ಈ ಕಥೆಯನ್ನು ಹೇಳುತ್ತವೆ. ಮಂತ್ರಿ ಕಾಷ್ಠಾಂಗಾರನ ದ್ರೋಹದಿಂದ ಅರಸ ಸತ್ಯಂಧರ ಹತನಾಗುತ್ತಾನೆ. ತುಂಬು ಗರ್ಭಿಣಿ ರಾಣಿ ವಿಜಯೆ ಮಯೂರಯಂತ್ರದಲ್ಲಿ ಪಾರಾಗಿ ಸ್ಮಶಾನದಲ್ಲಿ ಮಗನನ್ನು ಹೆರುತ್ತಾಳೆ. ತನ್ನ ಸತ್ತ ಕೂಸನ್ನು ಅಲ್ಲಿಗೆ ತಂದಿದ್ದ ವರ್ತಕ ಗಂಧೋತ್ಕಟ ಆ ಮಗುವನ್ನು ಎತ್ತಿಕೊಂಡು ಹೋಗಿ ಸಾಕುತ್ತಾನೆ. ಮುಂದೆ ಅವನಿಗೆ ನಂದಾಢ್ಯನೆಂಬ ಸ್ವಂತ ಮಗನೂ ಹುಟ್ಟುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಾಗಿ ಬೆಳೆಯುತ್ತಾರೆ.

ತರುಣನಾದ ಜೀವಂಧರನಿಗೆ ಗುರು ಆರ್ಯನಂದಿ ಅವನ ಹುಟ್ಟಿನ ನಿಜವನ್ನು ತಿಳಿಸುತ್ತಾನೆ. ತಂದೆಯನ್ನು ಕೊಂದವನ ಮೇಲೆ ಹುಡುಗ ಆ ಕ್ಷಣವೇ ಎದ್ದು ಹೊರಡುತ್ತಾನೆ. ಗುರು ಅವನನ್ನು ಕಟ್ಟಿಹಾಕಲಿಲ್ಲ, ಕೋಪ ಪಾಪವೆಂದು ಉಪದೇಶಕ್ಕೆ ಕುಳಿತುಕೊಳ್ಳಲೂ ಇಲ್ಲ. ಒಂದು ವರ್ಷ ತಾಳಿಕೋ, ಅದೇ ನನ್ನ ಗುರುದಕ್ಷಿಣೆ ಎಂದು ಬೇಡಿದ. ನಿಜವನ್ನು ಮುಚ್ಚಿಡದೆ, ಹುಡುಗನ ನೋವನ್ನು ಹುಸಿಯೆನ್ನದೆ, ಕಾಲಾವಕಾಶವನ್ನು ಮಾತ್ರ ಕೇಳುವ ಈ ರೀತಿಯಲ್ಲಿ ಹಿರಿತನವಿದೆ. ಕೇಳಿದ್ದು ಆಜ್ಞೆಯಾಗಿ ಅಲ್ಲ, ದಕ್ಷಿಣೆಯಾಗಿ. ಆಜ್ಞೆಯನ್ನು ಮೀರಬಹುದು. ಕೊಟ್ಟ ದಕ್ಷಿಣೆಯನ್ನು ಹಿಂದಕ್ಕೆ ಪಡೆಯಲು ಸ್ವಾಭಿಮಾನಿಯಾದ ಹುಡುಗ ಒಪ್ಪುವುದಿಲ್ಲ.

ಹದಿನೈದು ದಿನಗಳ ಗಡುವು

ಹುಡುಗನ ಕೋಪಕ್ಕೆ ಒಂದು ವರ್ಷವಾದರೆ ಹಿರಿಯನ ಕೋಪಕ್ಕೆ ಎಷ್ಟು? ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಇದಕ್ಕೆ ಉತ್ತರವಿದೆ. ಕ್ರೋಧ ನಾಲ್ಕು ಬಗೆ. ಕಲ್ಲಿನಲ್ಲಿ ಕೊರೆದ ಗೆರೆಯಂತಹದು, ನೆಲದ ಬಿರುಕಿನಂತಹದು, ಧೂಳಿನಲ್ಲಿ ಎಳೆದ ಗೆರೆಯಂತಹದು, ನೀರಿನ ಮೇಲಿನ ಗೆರೆಯಂತಹದು. ಇವುಗಳ ಸಂಸ್ಕಾರ ಮನಸ್ಸಿನಲ್ಲಿ ಉಳಿಯುವ ಕಾಲವನ್ನೂ ಅಲ್ಲಿ ಅಳೆಯಲಾಗಿದೆ. ಮೊದಲನೆಯದು ಜನ್ಮಾಂತರಗಳಿಗೂ ಹಿಂಬಾಲಿಸುತ್ತದೆ. ಎರಡನೆಯದರ ಮಿತಿ ಆರು ತಿಂಗಳು. ಮೂರನೆಯದರ ಮಿತಿ ಒಂದು ಪಕ್ಷ. ನಾಲ್ಕನೆಯದು ಅಂತರ್ಮುಹೂರ್ತದಲ್ಲಿ ಅಳಿಯುತ್ತದೆ. ಅಣುವ್ರತ ಹಿಡಿದ ಶ್ರಾವಕನಲ್ಲಿ ಮೊದಲ ಎರಡು ಬಗೆಯ ಕಷಾಯಗಳ ಉದಯವಿರುವುದಿಲ್ಲ. ಅಂದರೆ ಅವನ ಕೋಪ ಹದಿನೈದು ದಿನಗಳನ್ನು ದಾಟಬಾರದು. ದಾಟಿದರೆ ಹುಡುಗ ತಿದ್ದಿಕೊಂಡನೇ ಎಂದು ನೋಡುವ ಮೊದಲು ತನ್ನ ವ್ರತ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರಿನವರಿಗೆ ಲೋಹದ ಹದ ಹೇಳಿಕೊಡಬೇಕಾಗಿಲ್ಲ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ನೀರಿಗೆ ಅದ್ದಿದರೆ ಗಡಸಾಗುತ್ತದೆ, ಜೊತೆಗೆ ಒಂದೇ ಪೆಟ್ಟಿಗೆ ಒಡೆಯುವಷ್ಟು ಪೆಡಸೂ ಆಗುತ್ತದೆ. ಮತ್ತೆ ಮಿತವಾಗಿ ಕಾಯಿಸಿ ತಣಿಸಿದಾಗ ಬಾಳಿಕೆ ಬರುತ್ತದೆ. ಹುಡುಗನ ಬಾಯನ್ನು ಒಂದೇ ಗದರಿಕೆಯಲ್ಲಿ ಮುಚ್ಚಿಸಬಹುದು. ಆ ಮೌನವನ್ನು ವಿನಯವೆಂದು ಭ್ರಮಿಸಬಾರದು.

ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರನ್ನು ಕಂಡಾಗ ಪ್ರಮೋದ, ನೊಂದವರಲ್ಲಿ ಕಾರುಣ್ಯ, ಹೇಳಿದ್ದನ್ನು ಕೇಳದವರಲ್ಲಿ ಮಾಧ್ಯಸ್ಥ್ಯ ಎಂದು ನಾಲ್ಕು ಭಾವನೆಗಳನ್ನು ಶಾಸ್ತ್ರ ವಿಧಿಸಿದೆ. ಕೊನೆಯದು ಹದಿಹರೆಯದ ಮಗುವಿನ ಮನೆಗೆಂದೇ ಹೇಳಿದಂತಿದೆ. ಮಾಧ್ಯಸ್ಥ್ಯವೆಂದರೆ ಉಪೇಕ್ಷೆಯಿಂದ ಕೈಬಿಡುವುದಲ್ಲ. ರಾಗಕ್ಕೂ ದ್ವೇಷಕ್ಕೂ ವಾಲದೆ ನಡುವೆ ನಿಲ್ಲುವುದು. ಹುಡುಗ ಬಾಗಿಲು ಬಡಿದುಕೊಂಡು ಹೋದಾಗ ಹಿಂದಿನಿಂದ ಕೂಗದಿರುವುದು, ಮರುದಿನ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಎಂದಿನಂತೆ ಬುತ್ತಿ ಸಿದ್ಧವಾಗಿರುವುದು, ಇವೆರಡೂ ಸೇರಿದರೆ ಅದು ಮಾಧ್ಯಸ್ಥ್ಯ.

ಮನೆಯಲ್ಲಿ ಏನು ಮಾಡಬಹುದು

ಈ ವಿಚಾರಗಳೆಲ್ಲ ಒಂದು ಮನೆಯ ದಿನಚರಿಗೆ ಇಳಿಯದಿದ್ದರೆ ಪ್ರಯೋಜನವಿಲ್ಲ. ಮೊದಲನೆಯದಾಗಿ, ಶಿಸ್ತಿನ ಮಾತು ಹೆತ್ತವರ ಬಾಯಿಂದ ಬರಲಿ. ಓದು, ಮೊಬೈಲು, ಮನೆಗೆ ಬರುವ ಹೊತ್ತು, ಇವುಗಳ ನಿಯಮವನ್ನು ದಂಪತಿ ಏಕಾಂತದಲ್ಲಿ ಚರ್ಚಿಸಿ ನಿರ್ಧರಿಸಬೇಕು. ಹುಡುಗನಿಗೆ ಅದನ್ನು ತಿಳಿಸಬೇಕಾದವಳು ತಾಯಿ. ಅವಳು ಸುಮ್ಮನಿದ್ದು, ಗಂಡ ಗದರಿಸಿದಾಗ ಕಣ್ಣೀರು ಹಾಕಿದರೆ, ಗಂಡನಿಗೂ ಮಗನಿಗೂ ಒಟ್ಟಿಗೇ ಅನ್ಯಾಯ ಮಾಡಿದಂತೆ.

ಎರಡನೆಯದಾಗಿ, ಅಗಲಿದವರಿಗೆ ಮನೆಯಲ್ಲಿ ಜಾಗವಿರಲಿ. ಹುಡುಗನ ತಂದೆಯ ಭಾವಚಿತ್ರ ಅವನ ಪೆಟ್ಟಿಗೆಯ ತಳದಲ್ಲಿ ಅಡಗಿರಬೇಕಾಗಿಲ್ಲ. ಹೆಣ್ಣುಮಗುವಿನ ತಾಯಿಯ ಚಿತ್ರದ ಪಕ್ಕದಲ್ಲಿ ಗೋಡೆಯ ಮೇಲಿರಬಹುದು. ಅಗಲಿದ ದಿನ ಬಂದಾಗ ಹೊಸ ತಂದೆಯೇ ಮುಂದಾಗಿ, “ಭದ್ರಾವತಿಗೆ ಹೋಗಿ ಅಜ್ಜಿಯನ್ನು ನೋಡಿಕೊಂಡು ಬರೋಣ” ಎಂದರೆ, ಕಾವಲಿಗೆ ನಿಂತ ಹುಡುಗನ ತೋಳಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಚಟ್ಟಲದೇವಿ ಬಸದಿಯಿಂದ ಮಾಡಿದ ಕೆಲಸವನ್ನು ಸಾಮಾನ್ಯ ಗೃಹಸ್ಥ ಒಂದು ಮೊಳೆಯಿಂದ ಮಾಡಬಹುದು.

ಮೂರನೆಯದಾಗಿ, ಕರೆಯುವ ಹೆಸರನ್ನು ಮಗುವಿನ ಆಯ್ಕೆಗೆ ಬಿಡಬೇಕು. ಮಾಮ ಎಂದರೂ ಸರಿ, ಅಂಕಲ್ ಎಂದರೂ ಸರಿ, ಏನನ್ನೂ ಕರೆಯದೆ ಕೆಲವು ತಿಂಗಳು ಕಳೆದರೂ ಸರಿ. ನಾಲ್ಕನೆಯದಾಗಿ, ರಾತ್ರಿಯ ಪ್ರತಿಕ್ರಮಣದಲ್ಲಿ ಹಿರಿಯರು ಅಂದು ಆ ಮಗುವಿಗೆ ಆಡಿದ ಮಾತುಗಳನ್ನು ಒಂದೊಂದಾಗಿ ನೆನೆಯಬೇಕು. ಇರುವೆ ತುಳಿದದ್ದಕ್ಕೆ ಪಶ್ಚಾತ್ತಾಪ ಪಡುವ ನಾಲಿಗೆ, ಹುಡುಗನ ಮುಖ ಬಾಡಿಸಿದ ಮಾತನ್ನು ಬಿಟ್ಟುಬಿಡಬಾರದು.

ಕೊನೆಯದಾಗಿ, ಎಲ್ಲ ಮೌನವೂ ಮುನಿಸಲ್ಲ. ಹುಡುಗ ವಾರಗಟ್ಟಲೆ ಸರಿಯಾಗಿ ಉಣ್ಣದೆ, ನಿದ್ರಿಸದೆ, ಗೆಳೆಯರನ್ನೂ ಬಿಟ್ಟು ಒಂಟಿಯಾದರೆ, ಬದುಕುವುದು ಬೇಡವೆಂಬ ಮಾತು ಆಡಿದರೆ, ಅದನ್ನು ಹಟವೆಂದೋ ಕರ್ಮವೆಂದೋ ಕಡೆಗಣಿಸಬಾರದು. ವೈದ್ಯರನ್ನೂ ಆಪ್ತಸಮಾಲೋಚಕರನ್ನೂ ಕಾಣುವುದು ಔಷಧದಾನದ ವ್ಯಾಪ್ತಿಗೇ ಸೇರಿದ್ದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಇಂತಹ ನೆರವು ಕೇಳುವುದರಿಂದ ಯಾವ ಮನೆತನದ ಮಾನವೂ ಹೋಗುವುದಿಲ್ಲ.

ಕ್ಷಮೆಯನ್ನು ಮೊದಲು ಯಾರು ಕೇಳಬೇಕು

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯ ದಿನ ಜೈನರು ಪರಸ್ಪರ ಕ್ಷಮೆ ಕೇಳುತ್ತಾರೆ. ಸಾಮಾನ್ಯವಾಗಿ ಕಿರಿಯರು ಹಿರಿಯರ ಕಾಲಿಗೆರಗುವುದು ರೂಢಿ. ಆದರೆ ಕ್ಷಮೆಗೆ ವಯಸ್ಸಿನ ಮೇಲುಕೀಳಿಲ್ಲ. ಯಾರಿಂದ ನೋವಾಯಿತೋ ಅವರು ಮೊದಲು ಕೇಳಬೇಕು. ಹದಿನೈದರ ಹುಡುಗನ ಮುಂದೆ ನಲವತ್ತೈದರ ಮನುಷ್ಯ ನಿಂತು “ಆ ಮೂರು ರಾತ್ರಿ ನಿನ್ನನ್ನು ಹಸಿದು ಮಲಗಿಸಿದೆ, ಅದು ನನ್ನ ತಪ್ಪು” ಎನ್ನುವುದು ಸುಲಭವಲ್ಲ. ಮಾನಕಷಾಯ ಕರಗುವುದು ಹಾಗೆಯೇ. ಹುಡುಗ ಆ ಕ್ಷಣ ಏನೂ ಹೇಳದಿರಬಹುದು, ಮುಖ ತಿರುಗಿಸಿ ಹೋಗಲೂಬಹುದು. ಕ್ಷಮೆ ಕೇಳಿದವನ ಕೆಲಸ ಅಲ್ಲಿಗೆ ಮುಗಿಯಿತು. ಉತ್ತರಕ್ಕೆ ಕಾಯುವುದೂ ಒಂದು ಪರಿಗ್ರಹವೇ.

ಶಿವಮೊಗ್ಗದಿಂದ ಸ್ವಲ್ಪ ದೂರದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ಎರಡೂ ನದಿಗಳು ಹುಟ್ಟುವುದು ಒಂದೇ ಗಂಗಾಮೂಲದಲ್ಲಿ. ಆದರೂ ಬೇರೆಬೇರೆ ಕಣಿವೆಗಳಲ್ಲಿ ಬಹುದೂರ ಹರಿದ ಮೇಲೆಯೇ ಅವು ಸೇರುವುದು. ಸೇರಿದ ಬಳಿಕವೂ ಹೆಸರಿನಲ್ಲಿ ಒಂದು ಇನ್ನೊಂದನ್ನು ನುಂಗಲಿಲ್ಲ. ತುಂಗಭದ್ರೆ ಎಂದು ಎರಡನ್ನೂ ಉಳಿಸಿಕೊಂಡೇ ಹರಿಯುತ್ತದೆ.

ಆ ಮನೆಯ ಕಥೆಯನ್ನು ಎಲ್ಲಿಗೆ ನಿಲ್ಲಿಸಬಹುದು? ಹುಡುಗ ಅಪ್ಪಾ ಎಂದು ಕರೆದು ಅಪ್ಪಿಕೊಂಡನೆಂದು ಮುಗಿಸಿದರೆ ಓದಲು ಹಿತವಾಗಿರುತ್ತದೆ, ನಂಬಲು ಕಷ್ಟವಾಗುತ್ತದೆ. ಇಷ್ಟನ್ನು ನಂಬಬಹುದು: ಸಂಜೆ ಒಲೆ ಆರುವ ಮೊದಲು ಒಂದು ತಟ್ಟೆ ಮುಚ್ಚಿಡುವುದು ಆ ಮನೆಯ ಕ್ರಮಕ್ಕೆ ಸೇರಿಕೊಂಡಿತು. ಕೆಲವು ದಿನ ಅದನ್ನು ಮುಚ್ಚಿಟ್ಟದ್ದು ತಾಯಿ, ಕೆಲವು ದಿನ ಆ ಪುಟ್ಟ ಹುಡುಗಿ, ಒಂದು ದಿನ ಯಜಮಾನ. ತಿಂಗಳುಗಳು ಕಳೆದ ಮೇಲೆ ಒಂದು ಸಂಜೆ, ಅವನು ಜಪಕ್ಕೆ ಕೂರುವ ಹೊತ್ತಿಗೆ, ಮೊಬೈಲಿಗೆ ಒಂದು ಸಂದೇಶ ಬಂತು. ಹೆಸರಿಲ್ಲ, ಸಂಬೋ ಧನೆಯಿಲ್ಲ. “ಬಸ್ ತಡ. ಒಂಬತ್ತಾಗಬಹುದು.” ತಾಯಿಗೆ ಬರುತ್ತಿದ್ದ ಸಂದೇಶ ಅಂದು ಮೊದಲ ಬಾರಿಗೆ ಅವನಿಗೆ ಬಂದಿತ್ತು. ಅವನು ಅದನ್ನು ಎರಡು ಸಲ ಓದಿ, ಮೊಬೈಲನ್ನು ಪಕ್ಕಕ್ಕಿಟ್ಟು, ಜಪಕ್ಕೆ ಕುಳಿತ.